ನಿಮಗಿದು ಗೊತ್ತೇ? ಬೋರಮಾಳದ ಆಯುಷ್ಯ ದಾರದಲ್ಲಿದೆ!

ಹುಲಿಗೆಮ್ಮನ ಜಾತ್ರೆ ಇರಲಿ, ಕೊಪ್ಪಳದ ಗವಿಮಠದ ತೇರು ಇರಲಿ, ಹಿಟ್ನಾಳ ಸೀಮೆಯ ಮನೆಗಳಲ್ಲಿ ಒಡವೆ ಪೆಟ್ಟಿಗೆ ತೆರೆಯುವ ಹೊತ್ತು ಅದು. ಅಜ್ಜಿಯ ಬೋರಮಾಳ, ಅವ್ವನ ಡಾಬು, ಬೆಳ್ಳಿ ಕಾಲ್ಗಡಗ ಹೊರಬರುತ್ತವೆ. ಕೈಯಿಂದ ಮಾಡಿದ ಒಡವೆ ಕೆಡುವುದು ಹೆಚ್ಚಾಗಿ ಜೋಡಣೆಯ ಜಾಗಗಳಲ್ಲಿ: ದಾರ, ಅರಗು, ಬೆಸುಗೆ, ಕೊಂಡಿ. ಇವುಗಳ ಮೇಲೆ ಕಣ್ಣಿಟ್ಟರೆ ಒಡವೆ ಮೊಮ್ಮಕ್ಕಳ ಕೊರಳಿಗೂ ಸೇರುತ್ತದೆ.

ಬಂಗಾರ

◆ ಹಳೆಯ ಬೋರಮಾಳದ ಅನೇಕ ಗುಂಡುಗಳು ಒಳಗೆ ಟೊಳ್ಳು. ತೆಳು ತಗಡಿನ ಗುಂಡು ನೆಗ್ಗದಿರಲೆಂದು ಪತ್ತಾರರು ಒಳಗೆ ಅರಗು ತುಂಬುತ್ತಿದ್ದರು. ಅರಗು ಬಿಸಿಗೆ ಮೆತ್ತಗಾಗುತ್ತದೆ. ಆದ್ದರಿಂದ ಬೋರಮಾಳವನ್ನು ಕುದಿಯುವ ನೀರಿಗೆ ಎಂದೂ ಹಾಕಬೇಡಿ. ಉಗುರುಬೆಚ್ಚಗಿನ ನೀರಿಗಿಂತ ಹೆಚ್ಚು ಬಿಸಿ ಅದಕ್ಕೆ ಬೇಡ.

◆ ಸರ ಹರಿಯುವ ಮೊದಲು ದಾರವೇ ಸುಳಿವು ಕೊಡುತ್ತದೆ. ಗುಂಡುಗಳ ನಡುವೆ ಸಂದು ಕಾಣಿಸಿತೆಂದರೆ ದಾರ ಜಗ್ಗಿದೆ ಎಂದರ್ಥ. ಬೆವರು, ಎಣ್ಣೆ, ಅರಿಷಿಣ ಹೀರಿದ ದಾರ ಒಳಗೊಳಗೇ ಸವೆಯುತ್ತದೆ. ದಿನವೂ ತೊಡುವ ಕರಿಮಣಿಯನ್ನು ವರ್ಷಕ್ಕೊಮ್ಮೆ ಹೊಸ ದಾರಕ್ಕೆ ಪೋಣಿಸಿದರೆ ಬಸ್‌ಸ್ಟ್ಯಾಂಡಿನಲ್ಲಿ ಮಣಿ ಹುಡುಕುವ ಪ್ರಸಂಗ ಬಾರದು.

◆ 24 ಕ್ಯಾರಟ್ ಬಂಗಾರ ತೀರಾ ಮೃದು. ಅದಕ್ಕೇ ಒಡವೆಗೆ 22 ಕ್ಯಾರಟ್ ಬಳಸುತ್ತಾರೆ. 1000 ಭಾಗದಲ್ಲಿ 916 ಭಾಗ ಬಂಗಾರ, ಉಳಿದದ್ದು ತಾಮ್ರ ಅಥವಾ ಬೆಳ್ಳಿಯಂಥ ಲೋಹ. ಬೆವರಿನ ಉಪ್ಪಿಗೆ ಕಂದುವುದು ಈ ಬೆರಕೆ ಲೋಹವೇ.

◆ ಕೊಪ್ಪಳದ ದೂಳು ಬಂಗಾರಕ್ಕಿಂತ ಗಟ್ಟಿ! ಗಡಸುತನದ ಮೋಸ್ ಅಳತೆಯಲ್ಲಿ ಬಂಗಾರ ಸುಮಾರು 2.5. ನಮ್ಮ ಗ್ರಾನೈಟ್ ಗುಡ್ಡಗಳ ಕಲ್ಲು ಪುಡಿಯಾದಾಗ ಸಿಗುವ ಬೆಣಚುಕಲ್ಲಿನ ಕಣ 7. ದೂಳು ಕೂತ ಒಡವೆಯನ್ನು ಒಣ ಬಟ್ಟೆಯಿಂದ ತಿಕ್ಕಿದರೆ ಗೀರು ಬೀಳುವುದು ಖಚಿತ. ಮೊದಲು ನೀರಲ್ಲಿ ಅದ್ದಿ ದೂಳು ಬಿಡಿಸಿ, ಆಮೇಲೆ ಒರೆಸಿ.

◆ ಪತ್ತಾರರ ಹಳೆಯ ಮದ್ದು ಅಂಟವಾಳ. ಕಾಯಿ ನೆನೆಸಿದ ನೊರೆನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಮೆತ್ತನೆಯ ಬ್ರಷ್‌ನಿಂದ ಸಂದುಗೊಂದು ತೊಳೆದರೆ ಜಿಡ್ಡು ಹೋಗುತ್ತದೆ. ಬೋರ್‌ವೆಲ್‌ನ ಗಡಸು ನೀರು ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ. ಹಾಗಾಗಿ ಕೊನೆಯ ಜಾಲಾಟಕ್ಕೆ ಕುಡಿಯುವ ಫಿಲ್ಟರ್ ನೀರು ಒಳ್ಳೆಯದು.

◆ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಬೆರಕೆ ಲೋಹವನ್ನೂ ಬೆಸುಗೆಯ ಜಾಗವನ್ನೂ ಕೊರೆಯುತ್ತದೆ. ತೊಟ್ಟಿ ತೊಳೆಯುವಾಗ ಉಂಗುರ, ಬಳೆ ತೆಗೆದಿಡಿ. ಪಾದರಸವಂತೂ ಬಂಗಾರದ ಕಡುವೈರಿ: ಥರ್ಮಾಮೀಟರ್ ಒಡೆದು ಹನಿ ತಾಗಿದರೆ ಬಂಗಾರದಲ್ಲಿ ಬೆರೆತು ಬೆಳ್ಳಗಾಗಿಸುತ್ತದೆ. ಮನೆಯಲ್ಲಿ ಕಾಯಿಸಿ ಬಿಡಿಸಲು ಹೋಗಬೇಡಿ, ಅದರ ಹೊಗೆ ವಿಷ.

◆ ಕುಂದಣದ ಹರಳಿನ ಹಿಂದೆ ಹೊಳಪಿಗಾಗಿ ತೆಳು ತಗಡು ಇಟ್ಟಿರುತ್ತಾರೆ. ನೀರು ಒಳಹೊಕ್ಕರೆ ತಗಡು ಕಪ್ಪಾಗಿ ಹರಳು ಮಂಕಾಗುತ್ತದೆ. ಇಂಥ ಒಡವೆಯನ್ನು ನೆನೆಸಬೇಡಿ, ಅರೆತೇವದ ಬಟ್ಟೆಯಿಂದ ಒರೆಸಿದರೆ ಸಾಕು.

ಬೆಳ್ಳಿ

◆ ಬೆಳ್ಳಿ ಕಪ್ಪಾಗಲು ಮುಖ್ಯ ಕಾರಣ ಗಂಧಕ. ಗಾಳಿಯಲ್ಲಿರುವ ಗಂಧಕದ ಅನಿಲ ತಾಗಿ ಮೇಲೆ ಸಿಲ್ವರ್ ಸಲ್ಫೈಡಿನ ತೆಳು ಪದರ ಕೂರುತ್ತದೆ. ರಬ್ಬರ್ ಬ್ಯಾಂಡು, ಉಣ್ಣೆ, ಮೊಟ್ಟೆಯಲ್ಲೂ ಗಂಧಕವಿದೆ. ಕಾಲ್ಗೆಜ್ಜೆಗೆ ರಬ್ಬರ್ ಸುತ್ತಿಡುವ ರೂಢಿ ಇದ್ದರೆ ಇಂದೇ ಬಿಡಿ.

◆ ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರು ಸೇರಿದರೆ ಬೆಳ್ಳಿಗಂಟಿದ ಗಂಧಕ ಅಲ್ಯೂಮಿನಿಯಂ ಕಡೆಗೆ ಹೋಗುತ್ತದೆ, ಸಲ್ಫೈಡಿನಲ್ಲಿದ್ದ ಬೆಳ್ಳಿ ಮರಳಿ ಒಡವೆಯಲ್ಲೇ ಉಳಿಯುತ್ತದೆ. ಆದರೆ ಈ ಉಪಾಯ ಸಾದಾ ಬೆಳ್ಳಿಗೆ ಮಾತ್ರ. ಕೆತ್ತನೆ ಎದ್ದು ಕಾಣಲೆಂದು ಸಂದಿನಲ್ಲಿ ಬೇಕೆಂದೇ ಬಿಟ್ಟ ಕಪ್ಪನ್ನೂ ಅದು ಅಳಿಸುತ್ತದೆ. ಹರಳು, ಮುತ್ತು, ದಾರ ಇರುವ ಒಡವೆಗೆ ಬೇಡ.

◆ ನಮ್ಮ ಕಡೆ ಬೆಳ್ಳಿ ಕರಡಿಗೆಯನ್ನು ವಿಭೂತಿಯಿಂದ ಉಜ್ಜುವ ಪದ್ಧತಿಯಿದೆ. ನುಣ್ಣನೆಯ ಪುಡಿ ಕಪ್ಪನ್ನು ಮೆಲ್ಲಗೆ ತೆಗೆಯುತ್ತದೆ. ಟೂತ್‌ಪೇಸ್ಟಿನಲ್ಲಿ ಇದಕ್ಕಿಂತ ಒರಟು ಕಣಗಳಿರಬಹುದು. ಬೆಳ್ಳಿಗೆ ಅದನ್ನು ಬಳಸದಿರುವುದೇ ಕ್ಷೇಮ. ಮುಲಾಮಿನ ಒಡವೆಗೆ ಮಾತ್ರ ಎರಡೂ ಬೇಡ, ಪದರವೇ ಸವೆದುಹೋಗುತ್ತದೆ.

◆ ನಾಣ್ಯದ ಸರವಿದ್ದರೆ ಇಸವಿ ನೋಡಿ. ಬ್ರಿಟಿಷ್ ಇಂಡಿಯಾದ ರೂಪಾಯಿಯಲ್ಲಿ ಶೇ 91.7 ಬೆಳ್ಳಿಯಿತ್ತು. 1940ರಲ್ಲಿ ಅದು ಶೇ 50ಕ್ಕೆ ಇಳಿಯಿತು, 1947ರ ರೂಪಾಯಿ ನಿಕ್ಕಲ್‌ನದು. ಕೊಪ್ಪಳ ಸೀಮೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದಾಗ ಇಲ್ಲಿ ಓಡಾಡಿದ್ದು ಹಾಲಿ ಸಿಕ್ಕಾ ರೂಪಾಯಿ. ಇಂಥ ನಾಣ್ಯವನ್ನು ತಿಕ್ಕಿದಷ್ಟೂ ಅಕ್ಷರ ಅಳಿಯುತ್ತದೆ, ಅದರೊಂದಿಗೆ ಚರಿತ್ರೆಯೂ.

ಮುತ್ತು, ಹವಳ, ಕವಡೆ

◆ ಮೂರರ ಮುಖ್ಯ ವಸ್ತು ಒಂದೇ: ಕ್ಯಾಲ್ಸಿಯಂ ಕಾರ್ಬೊನೇಟ್. ಹುಣಸೆ, ನಿಂಬೆ, ವಿನೆಗರ್ ತಾಗಿದರೆ ಕರಗುತ್ತದೆ. ತಾಮ್ರದ ತಂಬಿಗೆ ಬೆಳಗುವ ಹುಣಸೆಹಣ್ಣು ಮುತ್ತಿನ ಹತ್ತಿರ ಸುಳಿಯಬಾರದು.

◆ ಒಳ್ಳೆಯ ಮುತ್ತಿನ ಸರದಲ್ಲಿ ಪ್ರತಿ ಮುತ್ತಿಗೊಂದು ಗಂಟು ಇರುತ್ತದೆ. ಮುತ್ತಿಗೆ ಮುತ್ತು ತಿಕ್ಕುವುದಿಲ್ಲ, ಸರ ಹರಿದರೂ ಎಲ್ಲ ಚೆಲ್ಲುವುದಿಲ್ಲ. ಪೋಣಿಸಲು ಕೊಟ್ಟಾಗ ಗಂಟು ಹಾಕಿಯೇ ಕೊಡಿ ಎಂದು ಹೇಳಿ.

◆ ಸೆಂಟು, ಪೌಡರ್, ಹೂವು ಎಲ್ಲ ಮುಗಿದ ಮೇಲೆ ಮುತ್ತು ಹಾಕಿಕೊಳ್ಳಿ. ತೆಗೆಯುವಾಗ ಮೊದಲು ಅದನ್ನೇ ತೆಗೆಯಿರಿ. ಅಂಗಡಿಯ ಅಲ್ಟ್ರಾಸೋನಿಕ್ ಯಂತ್ರಕ್ಕೆ ಮುತ್ತು, ಹವಳ, ಪಚ್ಚೆ ಹಾಕಿಸಬೇಡಿ.

ಲಂಬಾಣಿ ತೊಡುಗೆ

◆ ತಾಂಡಾದ ಹೆಣ್ಣುಮಕ್ಕಳ ಘುಗ್ರಿ, ಟೋಪ್ಲಿ ಕೆನ್ನೆಯ ಪಕ್ಕ ಕೂದಲಿಗೆ ಸೇರಿಸಿ ತೂಗುಬಿಡುವ ಬೆಳ್ಳಿ ಒಡವೆ. ಭಾರವೆಲ್ಲ ಸಣ್ಣ ಬಳೆಕೊಂಡಿಗಳ ಮೇಲೆ. ಕೊಂಡಿ ಒಂದು ಬದಿ ತೆಳ್ಳಗಾಗಿದ್ದರೆ ಕಳಚಿಬೀಳುವ ಮೊದಲೇ ಬೆಸೆಸಿ.

◆ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿ ಮಾನ್ಯತೆಯಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಬರೆಯಿತು. ಕನ್ನಡಿ, ಕವಡೆ ಹೊಲಿದ ಕೊರಳಪಟ್ಟಿಯನ್ನು ಹಿಂಡಬೇಡಿ, ವಾಷಿಂಗ್ ಮಷೀನಿಗೆ ಹಾಕಬೇಡಿ. ದೂಳು ಕೊಡವಿ, ನೆರಳಲ್ಲಿ ಗಾಳಿಗಿಡಿ.

ದೇವರ ಒಡವೆ

◆ ಕಿನ್ನಾಳದ ಮರದ ದೇವರ ಮೈಮೇಲಿನ ಉಬ್ಬು ಒಡವೆಗಳು ಕಲ್ಲುಪುಡಿ ಮತ್ತು ಅಂಟಿನವು! ಚಿತ್ರಗಾರರು ಇವನ್ನು ಬೆರೆಸಿ ಹಾರ, ಡಾಬು, ಕಿರೀಟ ಮೂಡಿಸುತ್ತಾರೆ. ಮೂರ್ತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅಂಟು ಸಡಿಲಬಹುದು. ಒಣ ಮೆತ್ತನೆಯ ಬ್ರಷ್ ಸಾಕು, ದೀಪವನ್ನು ತುಸು ದೂರವಿಡಿ.

ಪೆಟ್ಟಿಗೆ ಮತ್ತು ಪತ್ತಾರ

◆ ಒಡವೆಗೆ ಒಡವೆಯೇ ಗೀರು ಹಾಕುತ್ತದೆ. ಪ್ರತಿಯೊಂದನ್ನೂ ಬೇರೆ ಬೇರೆ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ತೇವ ಹೀರಲು ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಟಿ ಹಾಕಿ. ಮುತ್ತಿರುವ ಪೆಟ್ಟಿಗೆಗೆ ಅದು ಬೇಡ, ಮುತ್ತಿಗೆ ತುಸು ತೇವಾಂಶ ಬೇಕು.

◆ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು. ದುರಸ್ತಿಗೆ ಕೊಡುವಾಗ ತೂಕ ಬರೆಸಿಕೊಳ್ಳಿ, ಫೋಟೊ ತೆಗೆದಿಡಿ.

◆ ಜಾತ್ರೆಗೆ ವಾರ ಮುಂಚೆ ನಾಲ್ಕು ಕಡೆ ಬೆರಳಾಡಿಸಿ: ದಾರ ಜಗ್ಗಿದೆಯೇ, ಕೊಂಡಿ ತೆಳುವಾಗಿದೆಯೇ, ಹರಳು ಅಲುಗುತ್ತಿದೆಯೇ, ಮೂಗುತಿಯ ತಿರುಪು ಬಿಗಿಯಾಗಿದೆಯೇ?

◆ ಹಳೆಯ ಒಡವೆ ಕರಗಿಸಿದರೆ ಕೊಟ್ಟ ಮಜೂರಿ ಹೋಯಿತು, ಕೈಕೆಲಸವೂ ಹೋಯಿತು. ಬೆಸುಗೆ, ಅರಗಿನ ಭಾರ ಕಳೆದು ಉಳಿದ ಬಂಗಾರಕ್ಕಷ್ಟೇ ಬೆಲೆ. ಕರಗಿಸುವ ಮುನ್ನ ಊರ ಪತ್ತಾರರಿಗೆ ಒಮ್ಮೆ ತೋರಿಸಿ. ಒಂದು ಹೊಸ ಕೊಂಡಿ, ಒಂದು ಬೆಸುಗೆ ಅಜ್ಜಿಯ ಸರವನ್ನು ಉಳಿಸಬಲ್ಲದು. ಆ ಕಸುಬಿನವರಿಗೂ ಕೆಲಸ ಸಿಗುತ್ತದೆ.