ಹೋಗಿ ಬರುವ ನೆಪಿಯನ್

2022ರ ಮೇ 19ರಂದು ಕೆನಡಾದ ರಾಜಧಾನಿ ಒಟ್ಟಾವಾದ ಕಾಮನ್ಸ್ ಸಭೆಯಲ್ಲಿ ಸಂಸದರೊಬ್ಬರು ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಸದಸ್ಯರ ಹೇಳಿಕೆಗೆಂದು ಅಲ್ಲಿ ಸಿಗುವುದು ಒಂದೇ ನಿಮಿಷ. ಶಿರಾ ತಾಲ್ಲೂಕಿನ ದ್ವಾರಾಳಿನಲ್ಲಿ ಹುಟ್ಟಿದ ಚಂದ್ರ ಆರ್ಯ ಆ ನಿಮಿಷವನ್ನು ತಾಯ್ನುಡಿಗೆ ಮೀಸಲಿಟ್ಟು, ಕುವೆಂಪು ಗೀತೆಯೊಂದಿಗೆ ಮಾತು ಮುಗಿಸಿದರು. ಆ ವಿಡಿಯೊ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಓಡಾಡಿತು. ನನಗೇ ಏಳೆಂಟು ಕಡೆಯಿಂದ ಬಂತು. ಅವರನ್ನು ಅಲ್ಲಿಗೆ ಕಳಿಸಿದ ಊರು ಯಾವುದು ಎಂದು ಮಾತ್ರ ಯಾರೂ ಕೇಳಲಿಲ್ಲ, ನಾನೂ ಕೇಳಿರಲಿಲ್ಲ.

ಆ ಸಭೆಯಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ನಮ್ಮ ಹಳೇ ಮನೆಗಳಲ್ಲಿ ಗಂಡ ಹೆಂಡತಿ ‘ಇವರು’, ‘ಇವಳು’ ಎಂದೇ ಸಂಸಾರ ಸಾಗಿಸುತ್ತಿದ್ದ ಹಾಗೆ, ಅಲ್ಲಿ ಸಂಸದರನ್ನು ಅವರ ಕ್ಷೇತ್ರದ ಹೆಸರಿನಿಂದಲೋ ಹುದ್ದೆಯಿಂದಲೋ ಸೂಚಿಸಬೇಕು. ಆರ್ಯ ಹತ್ತು ವರ್ಷ ‘ನೆಪಿಯನ್ನಿನ ಮಾನ್ಯ ಸದಸ್ಯರು’ ಆಗಿದ್ದರು. ಈಗ ಆ ಮಾತು ಅನ್ವಯಿಸುವುದು ದೇಶದ ಪ್ರಧಾನಿ ಮಾರ್ಕ್ ಕಾರ್ನಿ ಅವರಿಗೆ.

ಮುಂಬೈಯಲ್ಲಿ ಬಾಳಿದ ಕನ್ನಡಿಗರಿಗೆ ಈ ಹೆಸರು ಹೊಸದೇನಲ್ಲ. ಮಲಬಾರ್ ಹಿಲ್ ಪಕ್ಕದ ನೇಪಿಯನ್ ಸೀ ರೋಡ್ ಇದೆಯಲ್ಲ, ಅದೇ ನೆಪಿಯನ್. ಸರ್ ಇವಾನ್ ನೆಪಿಯನ್ ಎಂಬ ಬ್ರಿಟಿಷ್ ಅಧಿಕಾರಿ ಲಂಡನ್ನಿನ ಗೃಹ ಇಲಾಖೆಯಲ್ಲಿ ಅಧೀನ ಕಾರ್ಯದರ್ಶಿಯಾಗಿದ್ದವನು. ವಸಾಹತುಗಳ ಕಾಗದಪತ್ರವೆಲ್ಲ ಅವನ ಮೇಜಿನ ಮೇಲೇ ಹಾದು ಹೋಗುತ್ತಿದ್ದ ಕಾಲ ಅದು. ಮೇಜಿನವನ ಹೆಸರು ನಕ್ಷೆಗೆ ಏರುವುದು ಆಗಿನ ವಾಡಿಕೆ. ಸಿಡ್ನಿಯ ಹತ್ತಿರ ಒಂದು ನದಿಗೆ ಅವನ ಹೆಸರು ಬಿತ್ತು. 1792ರಲ್ಲಿ ಕೆನಡಾದ ಒಟ್ಟಾವಾ ನದಿ ದಂಡೆಯ ಒಂದು ಟೌನ್‌ಶಿಪ್ಪಿಗೂ ಬಿತ್ತು. ಮುಂದೆ 1812ರಿಂದ 1819ರವರೆಗೆ ಅವನು ಬೊಂಬಾಯಿಯ ಗವರ್ನರ್. ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ ಸೀಮೆ ಕಂಪನಿಯ ಕೈ ಸೇರಿದ್ದು ಅದೇ ವರ್ಷಗಳಲ್ಲಿ. ಆ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದಿದ ಹುಡುಗ ಆರ್ಯ, ಎರಡು ಶತಮಾನ ಕಳೆದ ಮೇಲೆ ಆ ಗವರ್ನರನ ಹೆಸರಿನ ಕ್ಷೇತ್ರದಿಂದ ಗೆದ್ದು ಬಂದ. ಚರಿತ್ರೆ ಒಮ್ಮೊಮ್ಮೆ ಇಂಥ ತಮಾಷೆ ಮಾಡುತ್ತದೆ.

ನೆಪಿಯನ್ ಟೌನ್‌ಶಿಪ್ಪಿನ ಒಂದು ಮೂಲೆಯಲ್ಲಿ, ರಿಡೋ ಕಾಲುವೆಯ ಕೆಲಸಕ್ಕೆ ಬಂದವರ ಬಿಡಾರವಾಗಿ 1826ರಲ್ಲಿ ಬೈಟೌನ್ ಹುಟ್ಟಿತು. ಅದೇ 1855ರಲ್ಲಿ ಒಟ್ಟಾವಾ ಎಂಬ ನಗರವಾಗಿ, ಕೊನೆಗೆ ರಾಜಧಾನಿಯೂ ಆಯಿತು. ಸಂಸತ್ತು ನಿಂತಿರುವ ಗುಡ್ಡ ಮೂಲತಃ ನೆಪಿಯನ್ನಿನದೇ ನೆಲ. ಗೋಡೆಯ ಕಲ್ಲೂ ಅಲ್ಲಿಯದೇ. ನೆಪಿಯನ್ ಮರಳುಗಲ್ಲು ಎಂದೇ ಹೆಸರಾದ ಆ ಕಲ್ಲಿನಲ್ಲಿ ಕಂದು, ಬೂದು, ತುಕ್ಕುಬಣ್ಣದ ಛಾಯೆಗಳು ಕಲೆತಿರುತ್ತವೆ. ಆರ್ಯ ಕನ್ನಡ ಮಾತಾಡಿದಾಗ ಹಳೆಯ ಸಭಾಂಗಣ ರಿಪೇರಿಗೆಂದು ಮುಚ್ಚಿತ್ತು. ಪಶ್ಚಿಮ ಕಟ್ಟಡದ ಅಂಗಳಕ್ಕೆ ಗಾಜಿನ ಮಾಡು ಹೊದಿಸಿ ಅಲ್ಲೇ ಕಲಾಪ ನಡೆಸುತ್ತಿದ್ದರು. ಅಂಗಳದ ಸುತ್ತಲಿನ ಗೋಡೆ ಇದೇ ಕಲ್ಲಿನದು.

ಬೆಳೆದ ಮಗ ತಾಯಿಯ ಮನೆಯನ್ನೇ ತನ್ನ ಹೆಸರಿಗೆ ಬರೆಸಿಕೊಳ್ಳುವುದುಂಟು. ಒಟ್ಟಾವಾ ಮಾಡಿದ್ದೂ ಅದನ್ನೇ. ಹೋಳು ಹೋಳಾಗಿ ನೆಪಿಯನ್ನನ್ನು ಒಳಗೆ ಹಾಕಿಕೊಳ್ಳುತ್ತ ಬಂತು. ಉಳಿದದ್ದು 1978ರಲ್ಲಿ ತಾನೂ ನಗರವೆಂದು ಘೋಷಿಸಿಕೊಂಡಿತು. 2001ರ ಜನವರಿ 1ರಂದು ಅದೂ ಒಟ್ಟಾವಾದಲ್ಲಿ ವಿಲೀನವಾಯಿತು. ಕಾಗದದ ಮೇಲೆ ಆ ಊರು ಈಗಿಲ್ಲ. ಆದರೂ ಅಲ್ಲಿನ ಜನ ವಿಳಾಸ ಬರೆಯುವಾಗ ನೆಪಿಯನ್ ಎಂದೇ ಬರೆಯುತ್ತಾರೆ, ಅಂಚೆಯವನು ತಪ್ಪದೆ ತಲುಪಿಸುತ್ತಾನೆ. ಮುಂಬೈಯ ರಸ್ತೆಗೂ ಲಕ್ಷ್ಮೀಬಾಯಿ ಜಗಮೋಹನದಾಸ್ ಮಾರ್ಗವೆಂದು ಹೆಸರು ಬದಲಿಸಿದ್ದಾರೆ. ಟ್ಯಾಕ್ಸಿಯವನ ಬಾಯಲ್ಲಿ ಅದು ಇವತ್ತಿಗೂ ನೇಪಿಯನ್ ಸೀ ರೋಡೇ.

ಇನ್ನು ಕ್ಷೇತ್ರದ ಕಥೆ. ಕೆನಡಾದವರು ಲೋಕಸಭಾ ಕ್ಷೇತ್ರಕ್ಕೆ ಆಡುಮಾತಿನಲ್ಲಿ ‘ರೈಡಿಂಗ್’ ಎನ್ನುತ್ತಾರೆ. ಕುದುರೆ ಸವಾರಿಗೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರನ್ನು ಹಿಂದೆ ಮೂರು ಪಾಲು ಮಾಡಿದ್ದರು. ‘ಮೂರನೇ ಒಂದು ಪಾಲು’ ಎಂಬ ಅರ್ಥದ ಹಳೆಯ ನಾರ್ಸ್ ಮಾತು ಸವೆದು ಸವೆದು ರೈಡಿಂಗ್ ಆಗಿದೆ. 1867ರಲ್ಲಿ ಇಂಥ ಕ್ಷೇತ್ರಗಳು 181 ಇದ್ದವು. 2025ರ ಚುನಾವಣೆ ಹೊತ್ತಿಗೆ 343. ಹತ್ತು ವರ್ಷಕ್ಕೊಮ್ಮೆ, ಜನಗಣತಿಯ ಬೆನ್ನಿಗೇ, ಮರುವಿಂಗಡಣೆ.

ನೆಪಿಯನ್ ಪ್ರದೇಶದ ಮಟ್ಟಿಗೆ ನೋಡಿ. ಮೊದಲು ‘ನೆಪಿಯನ್—ಕಾರ್ಲ್‌ಟನ್’ ಎಂಬ ಜೋಡಿ ಕ್ಷೇತ್ರವಿತ್ತು, 1979ರ ಚುನಾವಣೆಯಿಂದ. 1988ರಲ್ಲಿ ಜೋಡಿ ಬಿಡಿಸಿ ನೆಪಿಯನ್ ಒಂದೇ ಆಯಿತು. ಲಿಬರಲ್ ಪಕ್ಷದ ಬೆರಿಲ್ ಗ್ಯಾಫ್ನಿ ಗೆದ್ದರು. 1997ರಲ್ಲಿ ಮತ್ತೆ ನೆಪಿಯನ್—ಕಾರ್ಲ್‌ಟನ್. 2015ರಲ್ಲಿ ಮತ್ತೆ ಬರೀ ನೆಪಿಯನ್. ನಮ್ಮಲ್ಲಿ ಹೊರಡುವವರು ‘ಹೋಗಿ ಬರ್ತೀನಿ’ ಎನ್ನುತ್ತಾರಲ್ಲ, ಹಾಗೆ ಈ ಹೆಸರು. ನಡುವಿನ ಉದ್ದ ಗೆರೆಗೂ ಅಲ್ಲಿ ಅರ್ಥವಿದೆ: ಎರಡು ಬೇರೆ ಬೇರೆ ಜಾಗಗಳನ್ನು ಕೂಡಿಸಲು ಉದ್ದ ಗೆರೆ, ಒಂದೇ ಊರಿನ ಹೆಸರೊಳಗಿನ ಪದಗಳನ್ನು ಕೂಡಿಸಲು ಗಿಡ್ಡ ಗೆರೆ. ನಮ್ಮ ‘ಉಡುಪಿ ಚಿಕ್ಕಮಗಳೂರು’ ಕ್ಷೇತ್ರಕ್ಕೆ ಅಂಥ ಗೆರೆ ಹಾಕಬೇಕಾದರೆ ಘಾಟಿಯಷ್ಟೇ ಉದ್ದ ಬೇಕಾದೀತು.

ಹೀಗೆ ಕೂಡಿಸಿ ಬಿಡಿಸುವುದೆಲ್ಲ ಏಕೆ? ಬಾರ್‌ಹೇವನ್ ನೋಡಿದರೆ ತಿಳಿಯುತ್ತದೆ. ಒಟ್ಟಾವಾ ಸುತ್ತ ಯಾರೂ ಮನೆ ಕಟ್ಟಬಾರದೆಂದು ಕಾಯ್ದಿಟ್ಟ ಹಸಿರು ಪಟ್ಟಿಯೊಂದಿದೆ. ನಗರ ಅದನ್ನು ಹಾರಿ ಆಚೆಗೆ ಜಿಗಿಯಿತು. 1960ರ ದಶಕದಲ್ಲಿ ಹೊಲಗದ್ದೆಯಾಗಿದ್ದ ಬಾರ್‌ಹೇವನ್ ಮನೆಸಾಲುಗಳ ದೊಡ್ಡ ಬಡಾವಣೆಯಾಯಿತು. ಜನ ತುಂಬಿದ ಹಾಗೆ ಕ್ಷೇತ್ರ ಉಬ್ಬುತ್ತದೆ, ಉಬ್ಬಿದ್ದನ್ನು ಕತ್ತರಿಸಬೇಕಾಗುತ್ತದೆ. ಈಚಿನ ವಿಂಗಡಣೆಯಲ್ಲಿ ಒಂಟಾರಿಯೊ ಪ್ರಾಂತ್ಯಕ್ಕೆ 122 ಕ್ಷೇತ್ರ. ಒಂದೊಂದಕ್ಕೆ ಸರಾಸರಿ 1,16,590 ಜನ. ಇದಕ್ಕಿಂತ ಶೇ 25ರಷ್ಟು ಹೆಚ್ಚು ಕಡಿಮೆಯಾಗಬಹುದು, ಅದನ್ನು ಮೀರಬೇಕಾದರೆ ವಿಶೇಷ ಕಾರಣವಿರಬೇಕು. ಆದರೆ ಪ್ರಿನ್ಸ್ ಎಡ್ವರ್ಡ್ ದ್ವೀಪದ ಒಂದೂವರೆ ಲಕ್ಷ ಜನಕ್ಕೆ ನಾಲ್ಕು ಸಂಸದರು! ಸೆನೆಟ್ ಸದಸ್ಯರಿಗಿಂತ ಕಡಿಮೆ ಸಂಸದರು ಯಾವ ಪ್ರಾಂತ್ಯಕ್ಕೂ ಇರಬಾರದೆಂದು 1915ರಲ್ಲಿ ಕೊಟ್ಟ ಮಾತು ಅದು, ಇವತ್ತಿಗೂ ನಡೆದಿದೆ. ಕರ್ನಾಟಕದಲ್ಲಿ 2011ರ ಜನಗಣತಿಯಂತೆ ಒಂದು ಲೋಕಸಭಾ ಕ್ಷೇತ್ರಕ್ಕೆ ಸರಾಸರಿ 21 ಲಕ್ಷಕ್ಕೂ ಹೆಚ್ಚು ಜನ. ನೆಪಿಯನ್ನಿನಂಥ ಹದಿನೆಂಟು ಕ್ಷೇತ್ರ ನಮ್ಮ ಒಂದರಲ್ಲಿ ಹಿಡಿಸುತ್ತವೆ.

ಗೆರೆ ಎಳೆಯುವವರು ಯಾರು ಎಂಬುದೇ ಈ ವ್ಯವಸ್ಥೆಯಲ್ಲಿ ನನಗೆ ಹಿಡಿಸಿದ ಭಾಗ. ಹಿಂದೆ ಸಂಸತ್ತೇ ಎಳೆಯುತ್ತಿತ್ತು, ಅಂದರೆ ಗೆದ್ದವರು. ಮೊದಲ ಪ್ರಧಾನಿ ಜಾನ್ ಎ. ಮ್ಯಾಕ್ಡೊನಾಲ್ಡ್ 1882ರಲ್ಲಿ ಒಂಟಾರಿಯೊದ ನಕ್ಷೆಯನ್ನು ತಿದ್ದಿದ ರೀತಿ ಅಲ್ಲಿ ಕುಖ್ಯಾತ. ಎದುರು ಪಕ್ಷದ ಬೆಂಬಲಿಗರನ್ನೆಲ್ಲ ಒಂದೇ ಜೇನುಗೂಡಿಗೆ ತುಂಬಿ ಬಾಯಿ ಕಟ್ಟುವ ಉಪಾಯ: ಆ ಕೆಲವು ಕ್ಷೇತ್ರಗಳಲ್ಲಿ ಅವರು ಭಾರೀ ಅಂತರದಿಂದ ಗೆಲ್ಲಲಿ, ಮಿಕ್ಕ ಕಡೆ ನಾವು ಸಣ್ಣ ಅಂತರದಲ್ಲಿ ಗೆದ್ದರಾಯಿತು. ಆ ವರ್ಷದ ಚುನಾವಣೆಯಲ್ಲಿ ಮ್ಯಾಕ್ಡೊನಾಲ್ಡ್ ಗೆದ್ದು ಪ್ರತಿನಿಧಿಸಿದ ಕ್ಷೇತ್ರ ಕಾರ್ಲ್‌ಟನ್.

1964ರ ಕಾಯ್ದೆ ಪೆನ್ನನ್ನು ರಾಜಕಾರಣಿಗಳ ಕೈಯಿಂದ ಕಿತ್ತುಕೊಂಡಿತು. ಈಗ ಪ್ರತಿ ಪ್ರಾಂತ್ಯಕ್ಕೂ ಮೂವರ ಆಯೋಗ. ಅಧ್ಯಕ್ಷರು ನ್ಯಾಯಾಧೀಶರು, ಅವರನ್ನು ಆರಿಸುವವರು ಆ ಪ್ರಾಂತ್ಯದ ಮುಖ್ಯ ನ್ಯಾಯಮೂರ್ತಿ. ಇನ್ನಿಬ್ಬರನ್ನು ಸ್ಪೀಕರ್ ನೇಮಿಸುತ್ತಾರೆ. ಆಯೋಗ ಕರಡು ನಕ್ಷೆ ಪ್ರಕಟಿಸಿ ಊರೂರಿಗೆ ಹೋಗಿ ಅಹವಾಲು ಕೇಳುತ್ತದೆ. ‘ನಮ್ಮ ಮಕ್ಕಳ ಸ್ಕೂಲು ಆಚೆ, ನಮ್ಮ ಓಟು ಈಚೆ’ ಎಂದು ಯಾರು ಬೇಕಾದರೂ ಎದ್ದು ಹೇಳಬಹುದು. ಸಂಸದರಿಗೂ ಆಕ್ಷೇಪ ಎತ್ತುವ ಹಕ್ಕಿದೆ, ಅದಕ್ಕೆ ಹತ್ತು ಮಂದಿ ಸಂಸದರ ಸಹಿ ಬೇಕು. ಆದರೆ ಕೊನೆಯ ಮಾತು ಆಯೋಗದ್ದು. ಕೆನಡಾದಿಂದ ನಾವು ಕಲಿಯಬೇಕಾದ್ದು ಇದೇ ಎಂದು ಇಲ್ಲಿಗೇ ಲೇಖನ ಮುಗಿಸಬಹುದಿತ್ತು.

ಮುಗಿಸುವಂತಿಲ್ಲ. ಏಕೆಂದರೆ ಗೆರೆ ಎಳೆಯುವ ಪೆನ್ನು ನ್ಯಾಯಾಧೀಶರಿಗೆ ಹೋದರೂ ಟಿಕೆಟ್ ಬರೆಯುವ ಪೆನ್ನು ಪಕ್ಷದ ಕಚೇರಿಯಲ್ಲೇ ಉಳಿಯಿತು.

ರಾಜಧಾನಿಯ ಹಿತ್ತಲಿನಲ್ಲಿರುವ ಕ್ಷೇತ್ರಕ್ಕೆ ಒಂದು ಭಾಗ್ಯವೋ ಶಾಪವೋ ಅಂಟಿಕೊಂಡಿರುತ್ತದೆ: ಕುರ್ಚಿ ಬೇಕಾದ ನಾಯಕರೆಲ್ಲ ಅಲ್ಲಿಗೇ ಬರುತ್ತಾರೆ. ನೆಪಿಯನ್ ಟೌನ್‌ಶಿಪ್ ಸೇರಿದ್ದು ಕಾರ್ಲ್‌ಟನ್ ಕೌಂಟಿಗೆ. ಆ ಕೌಂಟಿಯ ಹೆಸರಿನ ಕ್ಷೇತ್ರಕ್ಕೆ ಮ್ಯಾಕ್ಡೊನಾಲ್ಡ್ ಬಂದದ್ದಾಯಿತು. 1904ರಲ್ಲಿ ಹ್ಯಾಲಿಫ್ಯಾಕ್ಸಿನಲ್ಲಿ ಸೋತ ವಿರೋಧ ಪಕ್ಷದ ನಾಯಕ ರಾಬರ್ಟ್ ಬೋರ್ಡನ್ ಮರುವರ್ಷವೇ ಕಾರ್ಲ್‌ಟನ್ನಿನಿಂದ ಸಭೆಗೆ ಮರಳಿದರು. ಮುಂದೆ ಪ್ರಧಾನಿಯೂ ಆದರು. 1948ರಲ್ಲಿ ಕನ್ಸರ್ವೇಟಿವ್ ನಾಯಕ ಜಾರ್ಜ್ ಡ್ರೂ ಬಂದರು. 1978ರಲ್ಲಿ ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಚಿಕ್ಕಮಗಳೂರಿಗೆ ಇಂದಿರಾ ಗಾಂಧಿ ಬಂದದ್ದನ್ನು ಕಂಡವರಿಗೆ ಇದರ ಲಯ ಗೊತ್ತಿದೆ.

ಇಲ್ಲಿಂದಲೇ ಗೆದ್ದು ದೊಡ್ಡವರಾದವರೂ ಇದ್ದಾರೆ ಎನ್ನಬೇಕು. 2004ರಲ್ಲಿ ನೆಪಿಯನ್—ಕಾರ್ಲ್‌ಟನ್ನಿನ ಸಂಸದ ಡೇವಿಡ್ ಪ್ರ್ಯಾಟ್ ದೇಶದ ರಕ್ಷಣಾ ಸಚಿವರು. ಅವರನ್ನು ಸೋಲಿಸಿದವನು ಇಪ್ಪತ್ತೈದರ ಹುಡುಗ, ಪಿಯೆರ್ ಪೊಲಿಯೆವ್. ಹನ್ನೊಂದು ವರ್ಷದ ನಂತರ ಕ್ಷೇತ್ರ ಒಡೆದಾಗ ಪೊಲಿಯೆವ್ ಹಳ್ಳಿಗಾಡು ಹೆಚ್ಚಿದ್ದ ಕಾರ್ಲ್‌ಟನ್ ಪಾಲನ್ನು ಹಿಡಿದರು. ಬಡಾವಣೆಗಳ ಪಾಲಾದ ಹೊಸ ನೆಪಿಯನ್ನಿನಲ್ಲಿ, 2006ರಲ್ಲಷ್ಟೇ ಕೆನಡಾಕ್ಕೆ ಬಂದಿದ್ದ ಚಂದ್ರ ಆರ್ಯ ಗೆದ್ದರು. 2019, 2021ರಲ್ಲೂ ಅವರೇ.

2025ರ ಜನವರಿಯಲ್ಲಿ ಜಸ್ಟಿನ್ ಟ್ರುಡೊ ಕೆಳಗಿಳಿಯುವುದಾಗಿ ಹೇಳಿದಾಗ ಆರ್ಯ ಲಿಬರಲ್ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಲು ಮುಂದಾದರು. ಪಕ್ಷ ಕಣಕ್ಕೆ ಬಿಡಲಿಲ್ಲ. ಮಾರ್ಚಿನಲ್ಲಿ ನೆಪಿಯನ್ನಿನ ಉಮೇದುವಾರಿಕೆಯನ್ನೂ ರದ್ದು ಮಾಡಿತು. ಕಾರಣವನ್ನು ಆಗ ಬಿಡಿಸಿ ಹೇಳಲಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಆ ಕ್ಷೇತ್ರಕ್ಕೆ ಕಾರ್ನಿ ಅವರ ಹೆಸರು ಬಂತು. ಕೆನಡಾ ಬ್ಯಾಂಕಿಗೂ ಬ್ಯಾಂಕ್ ಆಫ್ ಇಂಗ್ಲೆಂಡಿಗೂ ಗವರ್ನರಾಗಿದ್ದ ಕಾರ್ನಿ ಮಾರ್ಚ್ 14ರಂದು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದಾಗ ಸಂಸದರೂ ಆಗಿರಲಿಲ್ಲ. ಹತ್ತು ವರ್ಷ ಮನೆಮನೆಯ ಕದ ತಟ್ಟಿದವರನ್ನೂ ಓಟು ಹಾಕಿದವರನ್ನೂ ಈ ಬದಲಾವಣೆಯಲ್ಲಿ ಯಾರೂ ಒಂದು ಮಾತು ಕೇಳಲಿಲ್ಲ ಎಂದೇ ನನ್ನ ಅನಿಸಿಕೆ. ಓಟು ಹಾಕಿದವರು ಕೋಪವನ್ನೇನೂ ತೋರಿಸಲಿಲ್ಲ. ಏಪ್ರಿಲ್ 28ರಂದು ಶೇ 60ಕ್ಕೂ ಹೆಚ್ಚು ಮತ ಕೊಟ್ಟು ಕಾರ್ನಿ ಅವರನ್ನು ಗೆಲ್ಲಿಸಿದರು.

ಅದೇ ದಿನ ಪಕ್ಕದ ಕಾರ್ಲ್‌ಟನ್ನಿನಲ್ಲಿ ಇನ್ನೊಂದು ನಾಟಕ. ಪ್ರಧಾನಿಯಾಗಲು ಹೊರಟಿದ್ದ ಕನ್ಸರ್ವೇಟಿವ್ ನಾಯಕ ಪೊಲಿಯೆವ್ ಎದುರು ಅಭ್ಯರ್ಥಿಗಳ ಸಂತೆಯೇ ನೆರೆದಿತ್ತು. ಚುನಾವಣೆಯ ನಿಯಮಗಳನ್ನು ರಾಜಕಾರಣಿಗಳೇ ಬರೆದುಕೊಳ್ಳಬಾರದು ಎಂದು ಹಟ ಹಿಡಿದ ಪ್ರತಿಭಟನಾಕಾರರ ಗುಂಪೊಂದು ಡಜನುಗಟ್ಟಲೆ ನಾಮಪತ್ರ ಹಾಕಿಸಿ, ಕಣದಲ್ಲಿ ಒಟ್ಟು 91 ಹೆಸರಾಗುವಂತೆ ಮಾಡಿತ್ತು. ಮತಪತ್ರದ ಉದ್ದ ಹತ್ತಿರ ಹತ್ತಿರ ಒಂದು ಮೀಟರ್, ಸೊಂಟಕ್ಕೆ ಸುತ್ತಿಕೊಳ್ಳುವಷ್ಟು. ಅಷ್ಟು ಹೆಸರುಗಳ ನಡುವೆ ಜನ ಹುಡುಕಿ ಗುರುತು ಹಾಕಿದ್ದು ಲಿಬರಲ್ ಪಕ್ಷದ ಬ್ರೂಸ್ ಫ್ಯಾಂಜಾಯ್ ಅವರಿಗೆ. ಸುಮಾರು ಇಪ್ಪತ್ತೊಂದು ವರ್ಷ ಸಂಸದರಾಗಿದ್ದ ಪೊಲಿಯೆವ್ ತಮ್ಮ ಕ್ಷೇತ್ರದಲ್ಲೇ ಸೋತರು. ಆಗಸ್ಟಿನಲ್ಲಿ ದೂರದ ಆಲ್ಬರ್ಟಾದ ಒಂದು ಕ್ಷೇತ್ರದ ಉಪಚುನಾವಣೆಯಲ್ಲಿ ಗೆದ್ದು ಸಭೆಗೆ ಮರಳಿದರು. ಹಳೆಯ ನೆಪಿಯನ್—ಕಾರ್ಲ್‌ಟನ್ ಒಡೆಯದೆ ಇದ್ದಿದ್ದರೆ ಇಬ್ಬರು ನಾಯಕರೂ ಒಂದೇ ಮತಪತ್ರದಲ್ಲಿ ಎದುರಾಗುತ್ತಿದ್ದರೇನೋ.

ಇದನ್ನೆಲ್ಲ ಓದಿ ಮುಗಿಸಿ ನಮ್ಮ ಕಡೆಯ ನಕ್ಷೆಯನ್ನೂ ಒಮ್ಮೆ ತೆರೆದು ನೋಡಿದೆ. ಆರ್ಯ ಅವರ ಶಿರಾ ಇರುವುದು ತುಮಕೂರು ಜಿಲ್ಲೆಯಲ್ಲಿ. ಪೇಟೆಯವರು ಡಿಸಿ ಕಚೇರಿಯ ಕೆಲಸಕ್ಕೆ ಬಸ್ಸು ಹತ್ತುವುದು ತುಮಕೂರಿಗೆ. ಲೋಕಸಭೆಯ ಚುನಾವಣೆ ಬಂದರೆ ಮಾತ್ರ ಶಿರಾ ವಿಧಾನಸಭಾ ಕ್ಷೇತ್ರದ ಓಟು ಎಣಿಕೆಯಾಗುವುದು ಚಿತ್ರದುರ್ಗದ ಲೆಕ್ಕಕ್ಕೆ.