ಪಿಯಾನೊ ಕೃತಿಯ ಕಾಠಿನ್ಯವನ್ನು ಅಳೆಯುವ ಬಗೆ

ಅನ್ನವು ಬೆಂದಿತೆ ಎಂಬುದನ್ನರಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಶಾಸ್ತ್ರಜ್ಞರು ಇದನ್ನು ಸ್ಥಾಲೀಪುಲಾಕನ್ಯಾಯವೆನ್ನುತ್ತಾರೆ. ಪಾಶ್ಚಾತ್ಯರ ಪಿಯಾನೊ ಕೃತಿಗಳಲ್ಲಿ ಈ ನ್ಯಾಯವು ನಡೆಯದು. ಮೊದಲ ಪುಟವನ್ನು ಕಂಡು ಸುಲಭವೆಂದು ನಿಶ್ಚಯಿಸಿದವರು ಮುಂದೆ ಪರಿತಪಿಸುವರು.

ಬೀಥೋವನ್ನನು 1801ರಲ್ಲಿ ರಚಿಸಿದ, 'ಮೂನ್‌ಲೈಟ್' ಎಂದು ಪ್ರಸಿದ್ಧವಾದ ಸೊನಾಟಾವನ್ನು ನೋಡಿರಿ. ಇದಕ್ಕೆ ಮೂರು ಖಂಡಗಳು. ಮೊದಲನೆಯದು ವಿಳಂಬಗತಿಯದು, ಕೆಲವು ವರುಷ ಕಲಿತ ಬಾಲಕನು ಅದರ ಸ್ವರಗಳನ್ನು ಹೇಗೋ ನುಡಿಸಿಯಾನು. ಮೂರನೆಯದಾದರೋ ಬಿರುಗಾಳಿಯಂತೆ ಅತಿದ್ರುತವಾದುದು. ಅದಕ್ಕೆ ದೀರ್ಘ ಸಾಧನೆ ಬೇಕು. ಮೊದಲ ಖಂಡದಲ್ಲಿಯೂ ಗೂಢವಾದ ತೊಡಕೊಂದುಂಟು. ಬಲಗೈಯ ಕಿರುಬೆರಳು ಗೀತವನ್ನು ಎತ್ತಿ ಹಾಡಬೇಕು. ಅದೇ ಕೈಯ ಉಳಿದ ಬೆರಳುಗಳು ಮೂರುಮೂರು ಸ್ವರಗಳನ್ನು ಮೆಲ್ಲಗೆ ನುಡಿಸುತ್ತಿರಬೇಕು.

ಸ್ವರಗಳ ಸಂಖ್ಯೆಯೂ ಸರಿಯಾದ ಅಳತೆಯಲ್ಲ. ಮೊಟ್ಸಾರ್ಟನು 1788ರಲ್ಲಿ ಬರೆದ ಸಿ ಮೇಜರ್ ಸೊನಾಟಾವೊಂದನ್ನು ಆರಂಭಿಕರಿಗೆಂದು ತನ್ನ ಪಟ್ಟಿಯಲ್ಲಿ ತಾನೇ ನಮೂದಿಸಿದನು. ಅದರಲ್ಲಿ ಸ್ವರಗಳು ವಿರಳ. ಆದುದರಿಂದಲೇ ಒಂದು ಸ್ವರವು ಅಳುಕಿದರೂ ಕೇಳುವವರ ಕಿವಿಗೆ ಮರೆಯಾಗದು.

1889ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಸಂಗೀತಪರೀಕ್ಷಾಮಂಡಲಿಯು ಕೃತಿಗಳನ್ನು ಎಂಟು ಶ್ರೇಣಿಗಳಲ್ಲಿ ವಿಂಗಡಿಸುತ್ತದೆ. ಅದು ಉಪಯುಕ್ತವಾದ ಮೈಲಿಗಲ್ಲು. ಆದರೂ ಎಲ್ಲ ಮಕ್ಕಳ ಕೈಗಳೂ ಒಂದೇ ಅಳತೆಯವಲ್ಲ. ಅಷ್ಟಮಸ್ವರವನ್ನು ಮುಟ್ಟಲಾರದ ಪುಟ್ಟ ಕೈಗೆ ಕೆಳಗಿನ ಶ್ರೇಣಿಯ ಕೃತಿಯೂ ಕಠಿನವಾದೀತು.

ಆದುದರಿಂದ ಗೃಹಸ್ಥರು ಹೀಗೆ ಪರೀಕ್ಷಿಸಲಿ. ಕೃತಿಯನ್ನು ಆದ್ಯಂತ ತಿರುವಿ, ಅತ್ಯಂತ ದಟ್ಟವಾದ ಸಾಲನ್ನು ಗುರುವಿನ ಸಹಾಯದಿಂದ ಗುರುತಿಸಬೇಕು. ಆ ಸಾಲನ್ನು ಮಗುವು ಮೊದಲು ಒಂದೊಂದೇ ಕೈಯಿಂದ, ಅನಂತರ ಎರಡು ಕೈಗಳಿಂದ ನಿಧಾನವಾಗಿ ನುಡಿಸಲಿ. ವಾರವೆರಡು ಕಳೆದರೂ ನಿಲ್ಲದೆ ನುಡಿಸಲಾರದಾದರೆ, ಅಥವಾ ಕೈಯಲ್ಲಿ ನೋವು ತೋರಿದರೆ, ಆ ಕೃತಿಯನ್ನು ಸದ್ಯಕ್ಕೆ ಕಪಾಟಿನಲ್ಲಿಡುವುದೇ ಲೇಸು. ಕೃತಿಯ ಕಾಠಿನ್ಯವು ಅದರ ಅತಿ ಕಠಿನವಾದ ಸಾಲಿನಲ್ಲಿದೆ.

ತಂದೆತಾಯಿಗಳು ತಮಗೆ ಪ್ರಿಯವಾದ ಕೃತಿಯನ್ನೇ ಮಗುವು ನುಡಿಸಬೇಕೆಂದು ಆತುರಪಡುವುದುಂಟು. ರಾಮಶಬ್ದವನ್ನು ಕಲಿಯುತ್ತಿರುವ ಬಾಲಕನ ಕೈಗೆ ಬಾಣಭಟ್ಟನ ಕಾದಂಬರಿಯನ್ನಿತ್ತರೆ ಅವನು ಸಂಸ್ಕೃತವನ್ನೇ ದ್ವೇಷಿಸುವನು. ತಿಂಗಳುಗಟ್ಟಲೆ ಒಂದೇ ಪುಟದಲ್ಲಿ ಎಡವಿದ ಮಗುವೂ ಕಡೆಗೆ ಪಿಯಾನೊವಿನ ಮುಚ್ಚಳವನ್ನು ಮುಚ್ಚಿ ಎದ್ದುಹೋಗುವುದು. ಮುಂದೆ ಅದನ್ನು ತೆರೆಯಿಸುವುದು ಯಾವ ಸೊನಾಟಾಕ್ಕಿಂತಲೂ ಕಷ್ಟ.