ಹಳಿ ಇದೆ, ತಂತಿ ಇದೆ, ರೈಲೆಲ್ಲಿ?

ಸಂಪಾಜೆ ಕಡೆಯ ಓದುಗರೊಬ್ಬರ ಪ್ರಶ್ನೆ ಹೀಗಿದೆ: ‘ಮಂಗಳೂರಿನಿಂದ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಬ್ರಾಡ್‌ಗೇಜ್ ಹಳಿ ಬಂದು ಎಷ್ಟೋ ವರ್ಷವಾಯಿತು. ಈಗ ಕರೆಂಟಿನ ತಂತಿಯೂ ಬಂದಿದೆ. ನಾವು ಸುಳ್ಯಕ್ಕೆ ಇಳಿದು, ಬಸ್ಸು ಬದಲಿಸಿ, ಪುತ್ತೂರು ಮುಟ್ಟುವ ಹೊತ್ತಿಗೆ ಇರುವ ಒಂದು ಲೋಕಲ್ ಹೋಗಿರುತ್ತದೆ. ಇನ್ನೊಂದಕ್ಕೆ ಸಂಜೆಯವರೆಗೆ ಕಾಯಬೇಕು. ಹಳಿ ಖಾಲಿ ಬಿದ್ದಿರುವಾಗ ಗಂಟೆಗೊಂದು ರೈಲು ಬಿಡಲು ಏನು ಕಷ್ಟ?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರ ಹಿಂದೆ ನಮ್ಮಲ್ಲಿ ಬಹಳ ಜನ ನಂಬಿಕೊಂಡಿರುವ ಒಂದು ಮಾತಿದೆ: ಹಳಿ ಹಾಕಿದರೆ ರೈಲು ತಾನಾಗಿ ಬರುತ್ತದೆ, ಬಾರದಿದ್ದರೆ ಯಾರದೋ ಮನಸ್ಸು ಕೆಟ್ಟಿದೆ ಎಂದರ್ಥ. ಮನಸ್ಸಿನ ವಿಚಾರ ಆಮೇಲೆ ನೋಡೋಣ. ಮೊದಲು ಲೆಕ್ಕ. ಲೋಕಲ್ ರೈಲಿನ ಸೇವೆಯನ್ನು ನಿರ್ಧರಿಸುವುದು ಹಳಿಗಿಂತ ಹೆಚ್ಚಾಗಿ ಎರಡು ಸಂಗತಿಗಳು: ರೇಕು ಎಷ್ಟಿದೆ, ಅದನ್ನು ಓಡಿಸಲು, ತೊಳೆಯಲು, ಪರೀಕ್ಷಿಸಲು ಜನ ಎಷ್ಟಿದ್ದಾರೆ.

ರೇಕು ಎಂದರೆ ಒಂದಕ್ಕೊಂದು ಜೋಡಿಸಿಟ್ಟ ಡಬ್ಬಿಗಳ ಒಂದು ಸಾಲು. ಒಂದು ಮಾರ್ಗಕ್ಕೆ ಎಷ್ಟು ರೇಕು ಬೇಕೆಂದು ತಿಳಿಯಲು ಸಂಕೀರ್ಣ ಗಣಿತವೇನೂ ಬೇಡ. ಹೋಗಿ, ತಿರುಗಿ, ಬಂದು, ಮತ್ತೆ ಹೊರಡಲು ಸಿದ್ಧವಾಗುವ ಒಟ್ಟು ಸಮಯವನ್ನು ಎರಡು ರೈಲುಗಳ ನಡುವಿನ ಅಂತರದಿಂದ ಭಾಗಿಸಿದರೆ ಸಾಕು. ಮಂಗಳೂರು ಸೆಂಟ್ರಲ್‌ನಿಂದ ಸುಬ್ರಹ್ಮಣ್ಯ ರೋಡ್‌ಗೆ ಸುಮಾರು 90 ಕಿಲೋಮೀಟರು, ಎಲ್ಲ ಕಡೆ ನಿಂತು ಹೋಗುವ ರೈಲಿಗೆ ಹೆಚ್ಚುಕಡಿಮೆ ಎರಡೂವರೆ ಗಂಟೆ. ಎರಡೂ ತುದಿಯಲ್ಲಿ ಅರ್ಧರ್ಧ ಗಂಟೆ ತಿರುಗಲು ಹಿಡಿದರೆ ಒಂದು ಸುತ್ತಿಗೆ ಆರು ಗಂಟೆ. ಗಂಟೆಗೊಂದು ರೈಲಿಗೆ ಆರು ರೇಕು. ಇಲ್ಲೊಂದು ಸೊಗಸಾದ ವಿಚಿತ್ರವಿದೆ. ರೇಕನ್ನು ಅರ್ಧ, ಕಾಲು ಎಂದು ತರಿಸಲಾಗುವುದಿಲ್ಲ. ಸುತ್ತು ಆರು ಗಂಟೆ ಒಂದು ನಿಮಿಷವಾಯಿತೋ, ಏಳನೇ ರೇಕು ಬೇಕು! ಹಾಗೆಯೇ ಸುತ್ತನ್ನು ಐದು ಗಂಟೆ ಹತ್ತು ನಿಮಿಷಕ್ಕೆ ಇಳಿಸಿದರೂ ಆರೇ ರೇಕು ಬೇಕು, ಐವತ್ತು ನಿಮಿಷ ಉಳಿಸಿದ್ದಕ್ಕೆ ರೇಕಿನ ಲೆಕ್ಕದಲ್ಲಿ ಬಿಡಿಗಾಸಿನ ಲಾಭವಿಲ್ಲ. ಅದರ ಮೇಲೆ ಇನ್ನು ಹತ್ತೇ ನಿಮಿಷ ಉಳಿಸಿ ನೋಡಿ, ಸುತ್ತು ಸರಿಯಾಗಿ ಐದು ಗಂಟೆಗೆ ಬಂದು ಒಂದಿಡೀ ರೇಕು ಉಳಿಯುತ್ತದೆ. ಗಂಟೆಗೊಂದು ರೈಲು ಎಂಬ ವೇಳಾಪಟ್ಟಿಯನ್ನು 1982ರಲ್ಲಿ ದೇಶಕ್ಕೆಲ್ಲ ಅನ್ವಯಿಸಿದ ಸ್ವಿಟ್ಜರ್ಲೆಂಡಿನವರು ಈ ಮೆಟ್ಟಿಲು ಲೆಕ್ಕವನ್ನು ಚೆನ್ನಾಗಿ ಅರಗಿಸಿಕೊಂಡವರು. ಅವರು ಮೊದಲು ವೇಳಾಪಟ್ಟಿ ಬರೆದು, ಅದಕ್ಕೆ ಎಲ್ಲಿ ನಿಮಿಷ ಉಳಿಸಬೇಕೋ ಅಲ್ಲಿ ಮಾತ್ರ ದುಡ್ಡು ಸುರಿಯುತ್ತಾರೆ. ವೇಗದ ಹುಚ್ಚು ಅವರಿಗಿಲ್ಲ.

ಹಾಗಾದರೆ ನಿಮಿಷ ಉಳಿಯುವುದು ಎಲ್ಲಿ? ಯಂತ್ರದ ಬಗೆಯಲ್ಲಿ. ನಮ್ಮ ಹಳೆಯ ಪ್ಯಾಸೆಂಜರಿನಲ್ಲಿ ಮುಂದೊಂದು ಇಂಜಿನು, ಹಿಂದೆ ಅದು ಎಳೆಯುವ ಡಬ್ಬಿಗಳು. ಮೆಮು ಎಂಬ ವಿದ್ಯುತ್ ಲೋಕಲಿನಲ್ಲಿ ಬೇರೆ ಇಂಜಿನಿಲ್ಲ, ಸಾಮಾನ್ಯವಾಗಿ ನಾಲ್ಕು ಡಬ್ಬಿಗೆ ಒಂದರಂತೆ ಮೋಟಾರು ಡಬ್ಬಿ ಇರುತ್ತದೆ. ಉಕ್ಕಿನ ಗಾಲಿಗೂ ಉಕ್ಕಿನ ಹಳಿಗೂ ನಿಜವಾಗಿ ತಾಗುವ ಜಾಗ ಒಂದು ಚದರ ಸೆಂಟಿಮೀಟರಿನ ಆಸುಪಾಸು. ಅಷ್ಟರಲ್ಲೇ ಹಿಡಿತ ಸಿಗಬೇಕು. ಆ ಹಿಡಿತ ಸಿಗುವುದು ಮೋಟಾರು ತಿರುಗಿಸುವ ಗಾಲಿಗಳ ಮೇಲೆ ಬಿದ್ದ ತೂಕಕ್ಕೆ ತಕ್ಕಂತೆ. ಹದಿನಾಲ್ಕು ಡಬ್ಬಿಯ ರೈಲನ್ನು 123 ಟನ್ನಿನ ಡಬ್ಲ್ಯೂಎಪಿ-7 ಇಂಜಿನ್ ಎಳೆಯುವಾಗ ಒಟ್ಟು ತೂಕದ ಸುಮಾರು ಆರನೇ ಒಂದು ಭಾಗ ಮಾತ್ರ ಹಿಡಿತಕ್ಕೆ ಒದಗುತ್ತದೆ. ಮೆಮುವಿನಲ್ಲಿ ಅದು ಮೂರನೇ ಒಂದರ ಹತ್ತಿರ. ಆಟಿ ತಿಂಗಳ ಮಳೆಯಲ್ಲಿ, ಹಳಿಯ ಮೇಲೆ ಕೊಳೆತ ಎಲೆ ಜಜ್ಜಿ ಲೋಳೆಯಾದಾಗ ಈ ವ್ಯತ್ಯಾಸ ಗಾಲಿಗೆ ತಿಳಿಯುತ್ತದೆ. ಗಾಲಿ ನಿಂತಲ್ಲೇ ಸುತ್ತತೊಡಗಿದರೆ ಇಂಜಿನಿನವರ ಕೈಯಲ್ಲಿರುವ ಮದ್ದು ಇಂದಿಗೂ ಮರಳು. ಗಾಲಿಯ ಪಕ್ಕದ ಪೆಟ್ಟಿಗೆಯಲ್ಲಿ ಒಣ ಮರಳು ತುಂಬಿಟ್ಟಿರುತ್ತಾರೆ, ಗಾಳಿಯ ಒತ್ತಡದಿಂದ ಅದು ಕೊಳವೆಯಲ್ಲಿ ಇಳಿದು ಸರಿಯಾಗಿ ಗಾಲಿಯ ಬುಡಕ್ಕೆ ಬೀಳುತ್ತದೆ. ಕೋಟಿಗಟ್ಟಲೆ ಬೆಲೆಯ ಯಂತ್ರ ಮುಂದಕ್ಕೆ ಹೋಗುವುದು ಒಂದು ಹಿಡಿ ಮರಳಿನಿಂದ. ಮರಳು ಪಸೆಯಾದರೆ ಕೊಳವೆಯಲ್ಲೇ ಕಟ್ಟಿಕೊಳ್ಳುತ್ತದೆ, ಹಾಗಾಗಿ ಅದನ್ನು ಒಣಗಿಸಿ ತುಂಬುವವನೊಬ್ಬ ಶೆಡ್ಡಿನಲ್ಲಿ ಇರಲೇಬೇಕು. ಎಲೆಯ ಕಾಟ ನಮಗೊಬ್ಬರಿಗೇ ಅಲ್ಲ. ಇಂಗ್ಲೆಂಡಿನಲ್ಲಿ ಎಲೆ ಉದುರುವ ಕಾಲಕ್ಕೆಂದೇ ಕೆಲವು ರೈಲುಗಳ ವೇಳೆ ಬದಲಿಸುತ್ತಾರೆ.

ಆದರೂ ಬೇಗ ವೇಗ ಹಿಡಿಯುವುದೇ ಮೆಮುವಿನ ದೊಡ್ಡ ಗುಣವೆಂದು ಹೊಗಳುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡಿ. ಗಂಟೆಗೆ 72 ಕಿಲೋಮೀಟರು ಎಂದರೆ ಸೆಕೆಂಡಿಗೆ 20 ಮೀಟರು. ಆ ವೇಗಕ್ಕೆ ಒಂದು ರೈಲು ನೂರು ಸೆಕೆಂಡಿನಲ್ಲಿ, ಇನ್ನೊಂದು ನಲವತ್ತು ಸೆಕೆಂಡಿನಲ್ಲಿ ಏರಿದರೆ, ಪ್ರತಿ ನಿಲ್ದಾಣದಲ್ಲಿ ಉಳಿಯುವುದು ಬರೇ ಅರ್ಧ ನಿಮಿಷ. ನೇರಳಕಟ್ಟೆ, ನರಿಮೊಗರು, ಕಾಣಿಯೂರು, ಎಡಮಂಗಲ ಎಂದು ಹತ್ತು ಕಡೆ ನಿಂತರೂ ಒಟ್ಟು ಐದು ನಿಮಿಷ. ದೊಡ್ಡ ಲಾಭವಿರುವುದು ಮಾರ್ಗದ ತುದಿಯಲ್ಲಿ. ಇಂಜಿನಿನ ರೈಲು ಕೊನೆಯ ನಿಲ್ದಾಣ ಮುಟ್ಟಿದ ಮೇಲೆ ಇಂಜಿನನ್ನು ಕಳಚಬೇಕು. ಒಬ್ಬ ಡಬ್ಬಿಗಳ ಸಂದಿಗೆ ಇಳಿದು ಕಪ್ಲಿಂಗ್ ಬಿಡಿಸಿ, ಬ್ರೇಕಿನ ಗಾಳಿಯ ಹೋಸುಗಳನ್ನು ಬೇರ್ಪಡಿಸುತ್ತಾನೆ. ಇಂಜಿನು ಮುಂದೆ ಹೋಗಿ, ಪಾಯಿಂಟು ದಾಟಿ, ಖಾಲಿಯಿರುವ ಪಕ್ಕದ ಹಳಿಯಲ್ಲಿ ಹಿಂದಕ್ಕೆ ಬಂದು, ಇನ್ನೊಂದು ತುದಿಗೆ ಸೇರಬೇಕು. ಮತ್ತೆ ಜೋಡಣೆ, ಮತ್ತೆ ಗಾಳಿ ತುಂಬುವುದು, ಕೊನೆಯ ಡಬ್ಬಿಯವರೆಗೂ ಬ್ರೇಕು ಹಿಡಿಯುತ್ತದೆಯೇ ಎಂಬ ಪರೀಕ್ಷೆ. ಇಷ್ಟಕ್ಕೆ ಅರ್ಧ ಗಂಟೆ, ಒಂದು ಖಾಲಿ ಹಳಿ, ಶಂಟಿಂಗಿಗೆ ಜನ. ಮೆಮುವಿನಲ್ಲಿ ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುತ್ತದೆ. ಲೋಕೊ ಪೈಲಟ್ ತನ್ನ ಚೀಲ ಹಿಡಿದುಕೊಂಡು ಪ್ಲಾಟ್‌ಫಾರಮ್ಮಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಾನೆ, ಗಾರ್ಡು ಎದುರಿನಿಂದ ಬರುತ್ತಾನೆ. ಹತ್ತು ನಿಮಿಷದಲ್ಲಿ ರೈಲು ಹೊರಡಲು ತಯಾರು. ಮೇಲಿನ ಆರು ಗಂಟೆಯ ಸುತ್ತನ್ನು ಐದು ಗಂಟೆಯತ್ತ ತಳ್ಳುವುದು ಈ ನಡಿಗೆಯೇ!

‘ಸರಿ, ಹಾಗಾದರೆ ನಾಲ್ಕು ಮೆಮು ತರಿಸಿ’ ಎನ್ನಬಹುದು. ಇಲ್ಲಿ ಬರ್ಲಿನ್ನಿನ ಕತೆ ಹೇಳಲೇಬೇಕು. ಆ ನಗರದ ಲೋಕಲ್ ರೈಲಿಗೆ ಎಸ್-ಬಾನ್ ಎಂದು ಹೆಸರು. 2009ರ ಮೇ 1ರಂದು ಕೌಲ್ಸ್‌ಡಾರ್ಫ್ ನಿಲ್ದಾಣದ ಬಳಿ ಒಂದು ರೈಲಿನ ಗಾಲಿ ಒಡೆದು ಅದು ಹಳಿ ತಪ್ಪಿತು. ಅಂಥ ಗಾಲಿಗಳನ್ನು ಪದೇಪದೇ ಪರೀಕ್ಷಿಸಬೇಕೆಂದು ರೈಲ್ವೆ ಸುರಕ್ಷತಾ ಪ್ರಾಧಿಕಾರ ಕಟ್ಟುನಿಟ್ಟು ಮಾಡಿತು. ಪರೀಕ್ಷೆ ಸಕಾಲಕ್ಕೆ ನಡೆದಿಲ್ಲವೆಂದು ತಿಳಿದಾಗ ರೈಲುಗಳು ಗುಂಪುಗುಂಪಾಗಿ ಸೇವೆಯಿಂದ ಹೊರಬಿದ್ದವು. ಸೆಪ್ಟೆಂಬರಿನಲ್ಲಿ ಬ್ರೇಕ್ ಸಿಲಿಂಡರುಗಳ ನಿರ್ವಹಣೆಯಲ್ಲೂ ಲೋಪ ಕಂಡು, ಒಂದು ಹಂತದಲ್ಲಿ ಓಡಲು ಉಳಿದದ್ದು ಕಾಲು ಭಾಗದಷ್ಟು ರೈಲುಗಳು ಮಾತ್ರ. ಹಳಿ ಇತ್ತು, ಕರೆಂಟು ಇತ್ತು, ನಿಲ್ದಾಣಗಳಿದ್ದವು. 481 ಎಂಬ ಆ ಮಾದರಿಯ ರೈಲುಗಳೂ ಹಳೆಯವಲ್ಲ, 1990ರ ದಶಕದ ಕೊನೆಯಿಂದ ಈಚೆಗೆ ಬಂದವು. ಇಲ್ಲವಾದದ್ದು ಏನು? ಖರ್ಚು ಇಳಿಸುವ ಭರದಲ್ಲಿ ಮುಚ್ಚಿದ ಕಾರ್ಯಾಗಾರಗಳು, ಕಡಿಮೆ ಮಾಡಿದ ಕೆಲಸಗಾರರು. ಶಿಸ್ತಿಗೆ ಹೆಸರಾದ ಜರ್ಮನಿಯ ರಾಜಧಾನಿಯಲ್ಲೇ ಹೀಗಾಯಿತು. ನಮ್ಮಲ್ಲಿ ಹೊಸ ರೈಲು ಬಂದ ದಿನ ಇಂಜಿನಿಗೆ ಹೂಮಾಲೆ ಹಾಕಿ, ತೆಂಗಿನಕಾಯಿ ಒಡೆದು, ಹಸಿರು ನಿಶಾನೆ ಬೀಸಿ ಫೋಟೊ ತೆಗೆಸಿಕೊಳ್ಳುತ್ತೇವೆ. ಗಾಲಿಯ ಸೂಕ್ಷ್ಮ ಬಿರುಕನ್ನು ತೆಂಗಿನಕಾಯಿ ಕಂಡುಹಿಡಿಯುವುದಿಲ್ಲ. ಶ್ರವಣಾತೀತ ತರಂಗ ಹಾಯಿಸಿ ನೋಡುವ ತಂತ್ರಜ್ಞ ಬೇಕು, ಡಬ್ಬಿಯ ಕೆಳಗೆ ಇಳಿದು ನೋಡಲು ಪಿಟ್‌ಲೈನ್ ಬೇಕು. ಮೆಮುವಿಗೆ ಅದರದೇ ಶೆಡ್ಡು ಬೇಕು. ದಕ್ಷಿಣ ರೈಲ್ವೆಗೆ ಪಾಲಕ್ಕಾಡಿನಲ್ಲಿ, ನೈಋತ್ಯ ರೈಲ್ವೆಗೆ ಬೆಂಗಳೂರಿನ ಬಾಣಸವಾಡಿಯಲ್ಲಿ ಅಂಥವಿವೆ. ಎರಡೂ ನೆಟ್ಟಣದಿಂದ ಹತ್ತಿರದ ಊರುಗಳಲ್ಲ.

ಜನರ ಲೆಕ್ಕವೂ ಹೀಗೆಯೇ ಬೆಳೆಯುತ್ತದೆ. ಒಂದು ರೇಕು ದಿನಕ್ಕೆ 16 ಗಂಟೆ ಓಡಿದರೆ ವಾರಕ್ಕೆ 112 ಗಂಟೆ. ಒಬ್ಬ ಲೋಕೊ ಪೈಲಟ್ ವಾರಕ್ಕೆ 50 ಗಂಟೆ ದುಡಿಯುತ್ತಾನೆಂದು ಹಿಡಿದರೂ ಆ ಒಂದು ಆಸನಕ್ಕೆ ಇಬ್ಬರಿಗಿಂತ ಹೆಚ್ಚು ಬೇಕು. ರಜೆ, ಕಾಯಿಲೆ, ತರಬೇತಿ, ಕಣ್ಣಿನ ತಪಾಸಣೆ ಸೇರಿಸಿದರೆ ಮೂವರು. ಈಗ ಟ್ರೈನ್ ಮ್ಯಾನೇಜರ್ ಎಂದು ಕರೆಸಿಕೊಳ್ಳುವ ಗಾರ್ಡಿಗೂ ಅದೇ ಲೆಕ್ಕ. ಎರಡು ಗಂಟೆಗೊಂದು ರೈಲಿಗೆ ಮೂರು ರೇಕು ಎಂದರೆ ಹದಿನೆಂಟು ಜನ, ಸಹಾಯಕ ಲೋಕೊ ಪೈಲಟರನ್ನು ಬಿಟ್ಟು. ಇವರನ್ನು ಬೇರೆ ಮಾರ್ಗದಿಂದ ತಂದು ಇಲ್ಲಿ ಕೂರಿಸಲೂ ಆಗದು. ಪ್ರತಿಯೊಬ್ಬ ಲೋಕೊ ಪೈಲಟ್ ತಾನು ಓಡಿಸುವ ಮಾರ್ಗವನ್ನು ಮೊದಲು ಬೇರೆಯವರ ಜತೆ ಹಗಲೂ ರಾತ್ರಿಯೂ ಹೋಗಿ ಕಲಿಯಬೇಕು. ಯಾವ ತಿರುವಿನ ಹಿಂದೆ ಸಿಗ್ನಲ್ ಇದೆ, ಎಲ್ಲಿ ಇಳಿಜಾರು ಶುರುವಾಗುತ್ತದೆ, ಯಾವ ಗೇಟಿಗೆ ಸೀಟಿ ಹಾಕಬೇಕು, ಎಲ್ಲವೂ ತಲೆಯಲ್ಲಿರಬೇಕು. ಕೆಲವು ತಿಂಗಳು ಆ ಮಾರ್ಗದಲ್ಲಿ ಓಡಿಸದಿದ್ದರೆ ಮತ್ತೆ ಕಲಿತು ಸಹಿ ಹಾಕಬೇಕು. ನಮ್ಮ ಮಾರ್ಗಕ್ಕೆ ಇನ್ನೊಂದು ಗೋಜಲಿದೆ: ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದ್ದು, ಪಡೀಲು ದಾಟಿದ ಮೇಲೆ ಬಂಟ್ವಾಳ, ಕಬಕ ಪುತ್ತೂರು, ಸುಬ್ರಹ್ಮಣ್ಯ ರೋಡ್ ಎಲ್ಲ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ. ರೇಕು ಒಬ್ಬರದು, ಹಳಿ ಇನ್ನೊಬ್ಬರದು, ಪ್ರಯಾಣಿಕ ಇಬ್ಬರಿಗೂ ಕೊನೆಯವನು. ಮೊದಲೇ ಹೇಳಿದ ಮನಸ್ಸಿನ ವಿಚಾರ ಏನಾದರೂ ಇದ್ದರೆ ಅದು ಇಲ್ಲಿದೆ.

ಯುರೋಪಿನಲ್ಲಿ ಚಾಲಕನೇ ಇಲ್ಲದ ರೈಲು ಓಡುತ್ತಿರುವಾಗ ಹದಿನೆಂಟು ಜನ ಏಕೆ ಎಂದು ಕೇಳುವವರಿದ್ದಾರೆ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ 2008ರಿಂದ ಚಾಲಕರಹಿತ ಮೆಟ್ರೊ ಇರುವುದು ನಿಜ. ಆದರೆ ಅದು ಹೊರಗಿನವರು ಕಾಲಿಡದಂತೆ ಬೇಲಿ, ಸುರಂಗಗಳ ನಡುವೆ ಓಡುವ ಮಾರ್ಗ. ಲಂಡನ್ನಿನ ಡಾಕ್‌ಲ್ಯಾಂಡ್ಸ್ ಲಘು ರೈಲು 1987ರಿಂದ ತಾನಾಗಿ ಓಡುತ್ತಿದ್ದರೂ ಪ್ರತಿ ರೈಲಿನೊಳಗೆ ಬಾಗಿಲು ನೋಡಿಕೊಳ್ಳಲು, ಅಗತ್ಯ ಬಿದ್ದರೆ ಕೈಯಾರೆ ಓಡಿಸಲು ಸಿಬ್ಬಂದಿಯೊಬ್ಬರು ಇದ್ದೇ ಇರುತ್ತಾರೆ. ನಮ್ಮ ಹಳಿಯ ಮೇಲೆ ದನ ಬರುತ್ತದೆ, ಮರ ಬೀಳುತ್ತದೆ, ಘಟ್ಟದಲ್ಲಿ ಆನೆ ದಾಟುತ್ತದೆ. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣೇ ಜಾರಿ ಹೋಯಿತು. ಮಳೆಗಾಲದ ರಾತ್ರಿ ಟಾರ್ಚು ಹಿಡಿದು ಹಳಿಯ ಗುಂಟ ನಡೆಯುವ ಗಸ್ತಿನವನನ್ನು ಯಾವ ಕಂಪ್ಯೂಟರೂ ಇನ್ನೂ ಮನೆಗೆ ಕಳಿಸಿಲ್ಲ.

‘ಲೋಕಲನ್ನು ಸಕಲೇಶಪುರದವರೆಗೂ ಬಿಡಿ’ ಎಂಬುದು ಇನ್ನೊಂದು ಬೇಡಿಕೆ. ಘಟ್ಟದ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, ಏರು ಐವತ್ತಕ್ಕೆ ಒಂದು. ಅಂದರೆ ಪ್ರತಿ ಟನ್ನಿಗೆ ಇಪ್ಪತ್ತು ಕಿಲೋಗ್ರಾಮ್ ತೂಕದಷ್ಟು ಬಲ ಗುರುತ್ವವನ್ನು ಎದುರಿಸಲಿಕ್ಕೇ ಬೇಕು. ಸಮತಟ್ಟು ಹಳಿಯಲ್ಲಿ ಅದೇ ಟನ್ನನ್ನು ಉರುಳಿಸಲು ಎರಡು ಮೂರು ಕಿಲೋ ಸಾಕು. ಅದಕ್ಕೇ ಏರುವ ರೈಲಿಗೆ ಹಿಂದಿನಿಂದ ಬ್ಯಾಂಕರ್ ಇಂಜಿನುಗಳು ಒತ್ತು ಕೊಡುತ್ತವೆ, ಅವುಗಳಿಗೂ ಬೇರೆ ಸಿಬ್ಬಂದಿ ಬೇಕು. ಗಂಟೆಗೆ 30 ಕಿಲೋಮೀಟರಿನ ಆ ನಡಿಗೆಯಲ್ಲಿ ಹೋಗಿ ಬರಲು ನಾಲ್ಕೈದು ಗಂಟೆ ಸೇರಿತೆಂದರೆ ಮೂರು ರೇಕಿನ ಲೆಕ್ಕ ಐದೋ ಆರೋ ಆಗುತ್ತದೆ. ಲೋಕಲಿಗೆ ನೆಟ್ಟಣವೇ ಸರಿಯಾದ ತುದಿ.

ಉಳಿದ ಒಂದು ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಏಕೆಂದರೆ ಅದು ಸರಿಯಾದ ಆಕ್ಷೇಪ. ಪಡೀಲಿನಿಂದ ಮುಂದೆ ಒಂಟಿ ಹಳಿ. ಎರಡೂ ಕಡೆಯಿಂದ ಗಂಟೆಗೊಂದು ರೈಲು ಬಿಟ್ಟರೆ ಪ್ರತಿ ರೈಲೂ ಅರ್ಧ ಗಂಟೆಗೊಮ್ಮೆ ಎದುರು ರೈಲನ್ನು ಸಂಧಿಸುತ್ತದೆ. ಸಂಧಿಸುವಲ್ಲಿ ಕ್ರಾಸಿಂಗಿಗೆ ಹಳಿ ಇರಬೇಕು, ನಡುವೆ ಬಂದರಿನ ಗೂಡ್ಸುಗಳಿಗೂ ಬೆಂಗಳೂರಿನ ಎಕ್ಸ್‌ಪ್ರೆಸ್ಸುಗಳಿಗೂ ದಾರಿ ಬಿಡಬೇಕು. ಗಂಟೆಗೊಂದು ಎಂಬುದು ಸದ್ಯಕ್ಕೆ ದುರಾಸೆ. ಎರಡು ಗಂಟೆಗೊಂದು ಎಂಬುದು ದುರಾಸೆಯಲ್ಲ. 2025ರ ಏಪ್ರಿಲ್‌ನಲ್ಲಿ ಕಬಕ ಪುತ್ತೂರಿನಲ್ಲೇ ತಿರುಗುತ್ತಿದ್ದ ಪ್ಯಾಸೆಂಜರನ್ನು ಸುಬ್ರಹ್ಮಣ್ಯ ರೋಡ್‌ವರೆಗೆ ಮುಂದುವರಿಸಿದ್ದು ಇರುವ ರೇಕನ್ನೇ ಚೆನ್ನಾಗಿ ದುಡಿಸಿಕೊಂಡದ್ದಕ್ಕೆ ಒಳ್ಳೆಯ ಉದಾಹರಣೆ. ಆ ದಾರಿಯಲ್ಲಿ ಸಿಗುವುದು ಅಷ್ಟೇ. ಮುಂದಿನದಕ್ಕೆ ಹೊಸ ರೇಕು, ಹೊಸ ಜನ ಬೇಕು. ಕಾಞಂಗಾಡ್–ಕಾಣಿಯೂರು ಹೊಸ ಮಾರ್ಗ ಸುಳ್ಯದ ಮೇಲೆ ಬರಲೆಂದು ಹೋರಾಡುವವರಿಗೂ ಈ ಮಾತು ಸಲ್ಲುತ್ತದೆ. ಆದ್ದರಿಂದ ಸಂಪಾಜೆ, ಸುಳ್ಯ, ಕಡಬ, ಪುತ್ತೂರಿನ ಪ್ರಯಾಣಿಕರ ಸಂಘಗಳು ಮುಂದಿನ ಮನವಿಯಲ್ಲಿ ‘ಹೊಸ ರೈಲು ಬೇಕು’ ಎಂದು ಬರೆಯುವುದನ್ನು ನಿಲ್ಲಿಸಲಿ. ಮೂರು ಮೆಮು ರೇಕು, ಜತೆಗೆ ಕೆಟ್ಟಾಗ ಬದಲಿಗೆ ಒಂದು, ಮಂಗಳೂರಿನಲ್ಲಿ ಅವುಗಳ ನಿರ್ವಹಣೆಗೊಂದು ಶೆಡ್ಡು, ಈ ಮಾರ್ಗ ಕಲಿತ ಇಪ್ಪತ್ತು ಸಿಬ್ಬಂದಿ, ಎರಡು ವಲಯಗಳ ನಡುವೆ ಲಿಖಿತ ಒಪ್ಪಂದ ಎಂದು ಬರೆಯಲಿ. ಹೀಗೆ ಬರೆದ ಮನವಿಗೆ ‘ಪರಿಶೀಲಿಸಲಾಗುವುದು’ ಎಂಬ ಒಂದು ಸಾಲಿನ ಉತ್ತರ ಕೊಟ್ಟು ಕಳಿಸುವುದು ಕಷ್ಟ.